ದೇಶದ ಜೆರ್ಸಿ, ತಂಡದ ಸಂಬಳ: ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ಕುರಿತ ಟಿಪ್ಪಣಿ

ಟೂರ್ ಡಿ ಫ್ರಾನ್ಸ್ ಗೆದ್ದವನೇ ವಿಶ್ವ ಚಾಂಪಿಯನ್ ಎಂದುಕೊಳ್ಳುವವರು ಬಹಳ ಮಂದಿ. ಎರಡೂ ಬೇರೆ ಬೇರೆ. ಟೂರ್ ಮೂರು ವಾರಗಳ ಸ್ಪರ್ಧೆ. ಅಲ್ಲಿ ಸವಾರರು ತಮಗೆ ಸಂಬಳ ಕೊಡುವ ವೃತ್ತಿಪರ ತಂಡಗಳ ಪರವಾಗಿ ಸೈಕಲ್ ತುಳಿಯುತ್ತಾರೆ. ವಿಶ್ವ ಚಾಂಪಿಯನ್‌ಷಿಪ್‌ನ ರೋಡ್ ರೇಸ್ ಒಂದೇ ದಿನದಲ್ಲಿ ಮುಗಿಯುತ್ತದೆ, ಅಲ್ಲಿ ತೊಡುವುದು ದೇಶದ ಜೆರ್ಸಿ. ಪರೀಕ್ಷೆಗೆ ಈ ವ್ಯತ್ಯಾಸ ಬರೆದರೆ ಸಾಕಾಗಬಹುದು. ಓಟ ಅರ್ಥವಾಗಬೇಕಾದರೆ ಇದರಿಂದ ಹುಟ್ಟುವ ಇಕ್ಕಟ್ಟನ್ನೂ ನೋಡಬೇಕು.

ಮೊದಲು ಇತಿಹಾಸ, ಚುಟುಕಾಗಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ (ಯುಸಿಐ) 1921ರಲ್ಲಿ ಕೋಪನ್‌ಹೇಗನ್‌ನಲ್ಲಿ ಹವ್ಯಾಸಿಗಳಿಗಾಗಿ ಮೊದಲ ಚಾಂಪಿಯನ್‌ಷಿಪ್ ನಡೆಸಿತು. ವೃತ್ತಿಪರರ ಮೊದಲ ಓಟ 1927ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆಯಿತು; ಗೆದ್ದವರು ಇಟಲಿಯ ಆಲ್ಫ್ರೆಡೊ ಬಿಂಡಾ. ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು 1958ರಲ್ಲಿ. ಮೂವತ್ತೇಳು ವರ್ಷಗಳ ಈ ವಿಳಂಬಕ್ಕೆ ಒಪ್ಪುವಂಥ ಸಮರ್ಥನೆ ನನಗಂತೂ ಕಾಣುವುದಿಲ್ಲ. ಆ ವರ್ಷ ಫ್ರಾನ್ಸಿನ ರೀಮ್ಸ್‌ನಲ್ಲಿ ಲಕ್ಸೆಂಬರ್ಗ್‌ನ ಎಲ್ಸಿ ಜೇಕಬ್ಸ್ ಗೆದ್ದರು.

ಈಗ ಮುಖ್ಯವಾಗಿ ಮೂರು ಬಗೆಯ ಓಟಗಳಿವೆ. ರೋಡ್ ರೇಸ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಗೆರೆ ಮೊದಲು ದಾಟಿದವರು ಚಾಂಪಿಯನ್. ವೈಯಕ್ತಿಕ ಟೈಮ್ ಟ್ರಯಲ್ 1994ರಲ್ಲಿ ಸೇರಿತು. ಒಬ್ಬೊಬ್ಬರೇ ಅಂತರ ಬಿಟ್ಟು ಹೊರಡುತ್ತಾರೆ, ಗಡಿಯಾರವೇ ಎದುರಾಳಿ. 2019ರಿಂದ ಪುರುಷರೂ ಮಹಿಳೆಯರೂ ಕೂಡಿದ ಮಿಶ್ರ ರಿಲೇ ಇದೆ. ಗೆದ್ದವರಿಗೆ ಬಿಳಿ ಜೆರ್ಸಿಯ ಮೇಲೆ ನೀಲಿ, ಕೆಂಪು, ಕಪ್ಪು, ಹಳದಿ, ಹಸಿರು ಪಟ್ಟೆಗಳ 'ರೇನ್‌ಬೋ ಜೆರ್ಸಿ' ಸಿಗುತ್ತದೆ. ಮುಂದಿನ ಚಾಂಪಿಯನ್‌ಷಿಪ್‌ವರೆಗೆ ಅದೇ ಬಗೆಯ ಓಟಗಳಲ್ಲಿ ಮಾತ್ರ ಅದನ್ನು ತೊಡುವ ಹಕ್ಕಿದೆ. ಟೈಮ್ ಟ್ರಯಲ್ ಚಾಂಪಿಯನ್ ರೋಡ್ ರೇಸ್‌ಗೆ ಅದನ್ನು ತೊಟ್ಟು ಬರುವಂತಿಲ್ಲ.

ಈಗ ಇಕ್ಕಟ್ಟಿನ ವಿಷಯ. ಮುಂದಿನವನ ಬೆನ್ನಿಗೆ ಅಂಟಿಕೊಂಡು ತುಳಿದರೆ ಗಾಳಿಯ ತಡೆ ತಗ್ಗಿ ಶಕ್ತಿ ಉಳಿಯುತ್ತದೆ. ಆದ್ದರಿಂದಲೇ ಈ ಕ್ರೀಡೆಯಲ್ಲಿ ಒಬ್ಬನ ಗೆಲುವಿಗೆ ಇತರರು ಗಾಳಿಗೆ ಎದೆಯೊಡ್ಡಬೇಕಾಗುತ್ತದೆ. ವರ್ಷವಿಡೀ ಬೇರೆ ಬೇರೆ ತಂಡಗಳಲ್ಲಿ ಎದುರಾಳಿಗಳಾಗಿದ್ದವರು ಒಂದು ದಿನದ ಮಟ್ಟಿಗೆ ದೇಶಕ್ಕಾಗಿ ಒಂದಾಗಬೇಕು. ಹಾಗೆಯೇ ವರ್ಷವಿಡೀ ಜೊತೆಗಿದ್ದವರು ಬೇರೆ ದೇಶದ ಜೆರ್ಸಿಯಲ್ಲಿ ಎದುರು ನಿಲ್ಲಬೇಕು. ಎರಡೂ ಪೂರ್ತಿಯಾಗಿ ಆಗುವುದಿಲ್ಲ.

1963ರಲ್ಲಿ ಬೆಲ್ಜಿಯಂನ ರೋನ್ಸೆಯಲ್ಲಿ ಆದದ್ದು ಇದಕ್ಕೆ ಹಳೆಯ ಉದಾಹರಣೆ. ತವರಿನ ಅಭಿಮಾನಿಗಳು ಕಾಯುತ್ತಿದ್ದದ್ದು ತಂಡದ ನಾಯಕ ರಿಕ್ ವಾನ್ ಲೋಯ್ ಅವರ ಗೆಲುವನ್ನು. ಕೊನೆಯ ಸ್ಪ್ರಿಂಟ್‌ನಲ್ಲಿ, ಅಂದರೆ ಗೆರೆಯ ಹತ್ತಿರದ ಬಿರುಸಿನ ಓಟದಲ್ಲಿ, ಅವರನ್ನು ದಾಟಿದವರು ಸ್ವಂತ ದೇಶದ ಬೆನೋನಿ ಬೆಹೆಯ್ಟ್! ದೇಶಕ್ಕೆ ಚಿನ್ನ ಬಂತು, ಮನಸ್ಸುಗಳು ಮಾತ್ರ ಕೆಟ್ಟವು.

ಹೊಸ ಉದಾಹರಣೆಗಳು ಇನ್ನೂ ಸೂಕ್ಷ್ಮ. 2024ರಲ್ಲಿ ಜ್ಯೂರಿಕ್‌ನಲ್ಲಿ ಸ್ಲೊವೇನಿಯಾದ ತದೇಯ್ ಪೊಗಾಚರ್ ಸುಮಾರು 100 ಕಿ.ಮೀ. ಬಾಕಿಯಿರುವಾಗಲೇ ಗುಂಪನ್ನು ಬಿಟ್ಟು ಮುಂದೆ ನುಗ್ಗಿದರು. ಸ್ವಲ್ಪ ದೂರ ಅವರ ಜೊತೆಗಿದ್ದವರು ಫ್ರಾನ್ಸಿನ ಪಾವೆಲ್ ಸಿವಾಕೊವ್. 2025ರಲ್ಲಿ ರುವಾಂಡಾದ ಕಿಗಾಲಿಯಲ್ಲಿ, ಆಫ್ರಿಕಾದಲ್ಲಿ ನಡೆದ ಮೊದಲ ಚಾಂಪಿಯನ್‌ಷಿಪ್‌ನಲ್ಲಿ, ಪೊಗಾಚರ್ ಮತ್ತೆ ಅಷ್ಟೇ ಬೇಗ ಹೊರಟಾಗ ಜೊತೆಗೆ ಬಂದವರು ಸ್ಪೇನ್‌ನ ಹುವಾನ್ ಅಯುಸೊ ಮತ್ತು ಮೆಕ್ಸಿಕೊದ ಇಸಾಕ್ ಡೆಲ್ ಟೊರೊ. ಜೆರ್ಸಿಗಳು ಬೇರೆ, ಆದರೆ ಆಯಾ ಹೊತ್ತಿಗೆ ಈ ಮೂವರೂ ಪೊಗಾಚರ್ ಅವರ ವೃತ್ತಿಪರ ತಂಡವಾದ ಯುಎಇಯವರೇ. ಇದನ್ನು ಒಳಸಂಚು ಎನ್ನಲಾರೆ. ಅಷ್ಟು ಏರಿನಲ್ಲಿ ಅವರ ಹಿಂದೆ ಹೋಗುವ ಕಸುವಿದ್ದವರೇ ಕಡಿಮೆ, ಅವರಲ್ಲಿ ಹಲವರು ಆಗ ಒಂದೇ ಶ್ರೀಮಂತ ತಂಡದಲ್ಲಿದ್ದರು. ಆದರೂ ಓಟ ನೋಡುವಾಗ ಎದೆಯ ಮೇಲಿನ ದೇಶದ ಹೆಸರಿನ ಜೊತೆಗೆ ಸಂಬಳದ ಚೀಟಿ ಬರುವ ವಿಳಾಸವೂ ನೆನಪಿನಲ್ಲಿರಲಿ.

ಕಿಗಾಲಿಯನ್ನು ಇನ್ನೊಂದು ಕಾರಣಕ್ಕೂ ಓದಬೇಕು. ಪುರುಷರ ರೋಡ್ ರೇಸ್ 267.5 ಕಿ.ಮೀ. ಇತ್ತು, ಒಟ್ಟು ಏರು 5,000 ಮೀಟರ್‌ಗೂ ಹೆಚ್ಚು, ಜೊತೆಗೆ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ತೆಳು ಗಾಳಿ. ಓಟ ಮುಗಿಸಿದವರು 30 ಜನ ಮಾತ್ರ. ಪೊಗಾಚರ್ ಕೊನೆಯ 66 ಕಿ.ಮೀ. ಒಂಟಿಯಾಗಿ ತುಳಿದು ಗೆದ್ದರು. ಬೆಲ್ಜಿಯಂನ ರೆಮ್ಕೊ ಎವೆನೆಪೂಲ್ ಎರಡನೆಯವರಾದರು. ಅದಕ್ಕೆ ವಾರ ಮೊದಲು ಅದೇ ಊರಿನ ಟೈಮ್ ಟ್ರಯಲ್‌ನಲ್ಲಿ ಎವೆನೆಪೂಲ್ ಗೆದ್ದಿದ್ದಷ್ಟೇ ಅಲ್ಲ, ತಮಗಿಂತ ಮೊದಲು ಹೊರಟಿದ್ದ ಪೊಗಾಚರ್ ಅವರನ್ನು ದಾರಿಯಲ್ಲೇ ಹಿಂದಿಕ್ಕಿದ್ದರು. ಸಮ ಒತ್ತಡದಲ್ಲಿ ತಾಸು ಕಾಲ ತುಳಿಯುವುದೇ ಬೇರೆ, ಆರು ತಾಸು ಏರುತ್ತ ಇಳಿಯುತ್ತ ಬಾರಿಬಾರಿಗೂ ಜಿಗಿಯುವುದೇ ಬೇರೆ.

ಮಹಿಳೆಯರ ಓಟದಲ್ಲಿ ಗೆಲ್ಲಬೇಕಾದವರು ಎನಿಸಿಕೊಂಡವರು ಒಬ್ಬರನ್ನೊಬ್ಬರು ಕಾಯುತ್ತಲೇ ಉಳಿದರು, ಕೆನಡಾದ ಮಾಗ್ದಲೇನ್ ವಾಲಿಯೆರ್ ಮುಂದೆ ಹೋಗಿ ಗೆದ್ದೇಬಿಟ್ಟರು. ಈ ಚಾಂಪಿಯನ್‌ಷಿಪ್‌ನ ರೋಡ್ ರೇಸ್‌ಗಳಲ್ಲಿ ಕಿವಿಗೆ ರೇಡಿಯೊ ಹಾಕಿಕೊಳ್ಳುವಂತಿಲ್ಲ. ಅಂತರ ಎಷ್ಟು, ಯಾರು ಬೆನ್ನಟ್ಟಬೇಕು ಎಂಬುದನ್ನು ಕಾರಿನಲ್ಲಿ ಕುಳಿತ ತರಬೇತುದಾರ ಪಿಸುಗುಡಲಾರ. ಇಂಥ ಅಚ್ಚರಿಗಳಿಗೆ ಇದೂ ಒಂದು ಕಾರಣ.

ಟೂರ್‌ನಂತೆ ಇಲ್ಲಿ ದಿನಕ್ಕೊಂದರಂತೆ ಹಲವು ಬಗೆಯ ಹಂತಗಳಿಲ್ಲವಾದ್ದರಿಂದ ಆತಿಥೇಯ ಊರಿನ ರಸ್ತೆಯೇ ಅರ್ಧ ಫಲಿತಾಂಶ ಬರೆದಿಡುತ್ತದೆ. 2011ರ ಕೋಪನ್‌ಹೇಗನ್ ಸಮತಟ್ಟಾಗಿತ್ತು, ಸ್ಪ್ರಿಂಟರ್ ಮಾರ್ಕ್ ಕ್ಯಾವೆಂಡಿಶ್ ಗೆದ್ದರು. 2018ರ ಇನ್ಸ್‌ಬ್ರುಕ್ ಏರಿನದು, 38ರ ಅಲೆಹಾಂಡ್ರೊ ವಾಲ್ವರ್ಡೆ ಗೆದ್ದರು. 2026ರ ಆತಿಥ್ಯ ಕೆನಡಾದ ಮಾಂಟ್ರಿಯಲ್‌ಗೆ ಸಿಕ್ಕಿದೆ. 1974ರಲ್ಲಿ ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ ವೃತ್ತಿಪರರ ಓಟದಲ್ಲಿ ಮೂರನೆಯ ಬಾರಿ ಚಾಂಪಿಯನ್ ಆದದ್ದು ಅದೇ ಊರಿನಲ್ಲಿ. ಸವಾರರ ಪಟ್ಟಿಗಿಂತ ಮೊದಲು ಮೌಂಟ್ ರಾಯಲ್ ಗುಡ್ಡದ ಏರನ್ನು ಎಷ್ಟು ಸಲ ಹತ್ತಿಸುತ್ತಾರೆ ಎಂಬುದನ್ನು ನೋಡಿಕೊಳ್ಳಿ.