ಪೋರ್ಟ್ ತೆರೆದರೂ ಮನೆಯ ಸರ್ವರ್ ಹೊರಗೆ ಸಿಗುತ್ತಿಲ್ಲವೇ?

ಹಳೆಯ ಲ್ಯಾಪ್‌ಟಾಪಿಗೆ ನೆಕ್ಸ್ಟ್‌ಕ್ಲೌಡ್ (ಫೈಲುಗಳನ್ನು ಸ್ವಂತ ಸರ್ವರಿನಲ್ಲೇ ಇಟ್ಟುಕೊಳ್ಳುವ ತಂತ್ರಾಂಶ) ಹಾಕಿ ಮನೆಮಂದಿಯ ಫೋಟೊಗಳನ್ನೆಲ್ಲ ಅದರಲ್ಲಿಟ್ಟವರು ನನ್ನ ಬಳಿ ತರುವ ದೂರು ಹೆಚ್ಚಾಗಿ ಒಂದೇ: ‘ಪೋರ್ಟ್ ಫಾರ್ವರ್ಡಿಂಗ್ ಸರಿಯಾಗೇ ಮಾಡಿದ್ದೀನಿ ಸಾರ್, ಮನೇಲಿ ಓಪನ್ ಆಗುತ್ತೆ, ಹೊರಗಿಂದ ಆಗಲ್ಲ.’ ಪೋರ್ಟ್ ಎಂದರೆ ಒಂದೊಂದು ಸೇವೆಗೆ ಇರುವ ಸಂಖ್ಯೆಯ ಬಾಗಿಲು; ಹೊರಗಿನಿಂದ ಆ ಬಾಗಿಲಿಗೆ ಬಂದದ್ದನ್ನು ರೌಟರ್ ಸರ್ವರಿಗೆ ದಾಟಿಸುವುದೇ ಫಾರ್ವರ್ಡಿಂಗ್. ಮೊದಲು ರೌಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ (WAN) ಐಪಿ, ಅಂದರೆ ಇಂಟರ್‌ನೆಟ್ ಕಂಪನಿ ರೌಟರಿಗೆ ಕೊಟ್ಟ ವಿಳಾಸ ನೋಡಿ ಎನ್ನುತ್ತೇನೆ. ಅದು 100.64ರಿಂದ 100.127ರ ನಡುವೆ ಇದ್ದರೆ ಸೆಟ್ಟಿಂಗ್ ತಿದ್ದುವುದನ್ನು ಅಲ್ಲಿಗೇ ಬಿಡಿ. ಆ ವಿಳಾಸಗಳನ್ನು 2012ರಲ್ಲಿ ಇಂಟರ್‌ನೆಟ್ ಕಂಪನಿಗಳ ಒಳಜಾಲಕ್ಕೆಂದೇ ಮೀಸಲಿಟ್ಟದ್ದು. 10ರಿಂದ ಶುರುವಾದರೂ ಕಥೆ ಅದೇ.

ಇಂಟರ್‌ನೆಟ್ಟಿನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಅವನ್ನು ಹಂಚುವ ಎಪಿನಿಕ್ ಸಂಸ್ಥೆಯ ದಾಸ್ತಾನು 2011ರ ಏಪ್ರಿಲ್‌ನಲ್ಲೇ ತಳ ಕಂಡಿತ್ತು. ಹಾಗಾಗಿ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಹಲವು ಮನೆಗಳನ್ನು ಕೂರಿಸುತ್ತಾರೆ. ಇದೇ ಸಿಜಿನ್ಯಾಟ್ (CGNAT). ಹೊರಗಿನಿಂದ ಸುರಕ್ಷಿತ ವೆಬ್ ಪುಟಗಳ ಪೋರ್ಟ್ ಆದ 443ಕ್ಕೆ ಬಂದ ಕೋರಿಕೆ ಯಾರ ಮನೆಗೆಂದು ಕಂಪನಿಯ ಉಪಕರಣಕ್ಕೆ ತಿಳಿಯದು, ಅಲ್ಲೇ ಬಿಟ್ಟುಬಿಡುತ್ತದೆ. ನಿಮ್ಮ ರೌಟರಿನವರೆಗೆ ಅದು ಬರುವುದೇ ಇಲ್ಲ.

ವ್ಯಾನ್ ಐಪಿ ಸಾರ್ವಜನಿಕವೇ ಆಗಿದ್ದು ಸಾಮಾನ್ಯ ವೆಬ್ ಪೋರ್ಟ್ 80 ಮಾತ್ರ ಸಿಗದಿದ್ದರೆ ಅದು ನಿಜವಾದ ಪೋರ್ಟ್ ತಡೆ. ಬೇರೆ ಪೋರ್ಟ್ ಬಳಸಿ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರವನ್ನು 80 ಇಲ್ಲದೆಯೂ ಡಿಎನ್‌ಎಸ್ (ನಿಮ್ಮ ಡೊಮೇನ್ ಹೆಸರಿನ) ದಾಖಲೆಯ ಮೂಲಕ ಪಡೆಯಬಹುದು. ಮೇಲ್ ಸಾಗುವ ಪೋರ್ಟ್ 25 ಮುಚ್ಚಿರುವುದು ಸ್ಪ್ಯಾಮ್ ಕಾರಣಕ್ಕೆ. ಮೇಲ್ ಸರ್ವರನ್ನು ಮನೆಯಲ್ಲಿ ಇಡಲೇಬೇಡಿ.

ಸಿಜಿನ್ಯಾಟ್ ಇದ್ದರೆ ಹೆಚ್ಚು ಹಣ ತೆತ್ತು ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೇ ಮೀಸಲಾದ ಬದಲಾಗದ ಸಾರ್ವಜನಿಕ ವಿಳಾಸ ಕೇಳಬಹುದು. ನನಗೆ ಹೆಚ್ಚು ಒಪ್ಪಿಗೆಯಾದದ್ದು ಸಂಪರ್ಕದ ದಿಕ್ಕನ್ನೇ ತಿರುಗಿಸುವ ದಾರಿ. ಒಂದು ಚಿಕ್ಕ ವಿಪಿಎಸ್ (ಸಾರ್ವಜನಿಕ ವಿಳಾಸವಿರುವ ಬಾಡಿಗೆ ಸರ್ವರ್) ಹಿಡಿದು, ಮನೆಯ ಸರ್ವರಿನಿಂದ ಅದಕ್ಕೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದಿಂದ ಟನಲ್ (ಗೂಢಲಿಪಿಯ ಸುರಂಗ) ಹಾಕಿ. ಒಳಗಿನಿಂದ ಹೊರಟ ಸಂಪರ್ಕಕ್ಕೆ ತಡೆಯಿಲ್ಲ. ಮನೆಯ ಕಡೆಯ ಕಾನ್ಫಿಗ್‌ನಲ್ಲಿ ‘ಪರ್ಸಿಸ್ಟೆಂಟ್ ಕೀಪ್‌ಅಲೈವ್’ ಸಾಲಿಗೆ 25 ಎಂದು ಬರೆಯುವುದನ್ನು ಮರೆಯಬೇಡಿ. ಆಗ 25 ಸೆಕೆಂಡಿಗೊಮ್ಮೆ ಪುಟ್ಟ ಡೇಟಾ ಪ್ಯಾಕೆಟ್ ಹೋಗುತ್ತಿರುತ್ತದೆ. ಆ ಸಾಲಿಲ್ಲದಿದ್ದರೆ ಟನಲ್ ಸ್ವಲ್ಪ ಹೊತ್ತು ಸುಮ್ಮನಿದ್ದರೂ ಸಾಕು, ಕಂಪನಿಯ ಆ ಸಿಜಿನ್ಯಾಟ್ ಉಪಕರಣ ತನ್ನ ಸಂಪರ್ಕಗಳ ಪಟ್ಟಿಯಿಂದ ನಿಮ್ಮನ್ನು ತೆಗೆದುಹಾಕುತ್ತದೆ. ಬೆಳಿಗ್ಗೆ ಸಿಕ್ಕ ಸರ್ವರ್ ಮಧ್ಯಾಹ್ನ ಸಿಗುವುದಿಲ್ಲ.

ಕ್ಲೌಡ್‌ಫ್ಲೇರ್ ಕಂಪನಿಯ ಸಿದ್ಧ ಟನಲ್ ಸುಲಭ, ಆದರೆ ವೆಬ್ ಸೇವೆಗಳ ಗೂಢಲಿಪಿ ಅವರ ಸರ್ವರಿನಲ್ಲಿ ಬಿಚ್ಚಿಕೊಳ್ಳುತ್ತದೆ. ಮನೆಯ ಫೋಟೊಗಳಿಗೆ ಅದು ನನಗೆ ಸಮಾಧಾನವಿಲ್ಲ. ವಿಪಿಎಸ್ ಆದರೆ ಪ್ರಮಾಣಪತ್ರವನ್ನು ಮನೆಯಲ್ಲೇ ಇಟ್ಟು, ವಿಪಿಎಸ್ ಮೂಲಕ ಗೂಢಲಿಪಿ ಬಿಚ್ಚದೆ ಬರೀ ಪ್ಯಾಕೆಟ್ ಸಾಗಿಸಬಹುದು. ನೋಡುವವರು ಮನೆಯವರಷ್ಟೇ ಆಗಿದ್ದರೆ ನಿಮ್ಮ ಸಾಧನಗಳನ್ನಷ್ಟೇ ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಸಾಕು, ಜಗತ್ತಿಗೆ ಏನನ್ನೂ ತೆರೆದಿಡಬೇಕಿಲ್ಲ.

ನಿಮ್ಮ ಸಂಪರ್ಕದಲ್ಲಿ ಐಪಿವಿ6 (ವಿಳಾಸಗಳ ಕೊರತೆಯಿಲ್ಲದ ಹೊಸ ಪದ್ಧತಿ) ಇದ್ದರೆ ಸರ್ವರಿಗೆ ಸ್ವಂತ ಸಾರ್ವಜನಿಕ ವಿಳಾಸವೇ ಸಿಗುತ್ತದೆ. ರೌಟರಿನ ಐಪಿವಿ6 ಫೈರ್‌ವಾಲ್‌ನಲ್ಲಿ ಆ ಸೇವೆಯ ಒಂದು ಪೋರ್ಟನ್ನಷ್ಟೇ ತೆರೆಯಿರಿ. ನೋಡುವವರ ಕಡೆಯೂ ಐಪಿವಿ6 ಇರಬೇಕು. ಪರೀಕ್ಷಿಸುವಾಗ ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ.