ಮೊದಲ ಅರವತ್ತು ಅಡಿ

ಕಾರುಗಳು ನೇರ ದಾರಿಯಲ್ಲಿ ಪಂದ್ಯ ಓಡುವ ಅಮೆರಿಕದ ಡ್ರ್ಯಾಗ್ ಸ್ಟ್ರಿಪ್‌ಗಳಲ್ಲಿ ಓಟ ಮುಗಿಸಿ ಮರಳುವ ದಾರಿಯಲ್ಲಿ ಒಂದು ಪುಟ್ಟ ಗೂಡು ಇರುತ್ತದೆ. ಅದರ ಕಿಟಕಿಯಿಂದ ಚಾಲಕನ ಕೈಗೆ ಬಸ್ ಟಿಕೆಟ್ಟಿನಂಥ ಒಂದು ಚೀಟಿ ಸಿಗುತ್ತದೆ. ಕಾಲು ಮೈಲಿ, ಅಂದರೆ 1,320 ಅಡಿ ಅಥವಾ 402 ಮೀಟರ್ ನೇರ ದಾರಿಯಲ್ಲಿ ಕಾರು ಏನು ಮಾಡಿತು ಎಂಬುದೆಲ್ಲ ಅದರಲ್ಲಿ ಅಂಕಿಗಳಾಗಿ ಅಚ್ಚಾಗಿರುತ್ತದೆ. 60 ಅಡಿ ದಾಟಿದ ಸಮಯ, 330 ಅಡಿ, 660 ಅಡಿ, 1,000 ಅಡಿ, ಕೊನೆಗೆ ಒಟ್ಟು ಸಮಯ ಮತ್ತು ಗೆರೆ ದಾಟುವಾಗಿನ ವೇಗ. ಎಲ್ಲರ ಕಣ್ಣೂ ಮೊದಲು ಹೋಗುವುದು ಕೊನೆಯ ಎರಡು ಅಂಕಿಗಳ ಮೇಲೆ. ರೋಗ ಇರುವುದು ಮಾತ್ರ ಹೆಚ್ಚಿನ ಸಲ ಮೊದಲ ಸಾಲಿನಲ್ಲಿ. ಎಂಜಿನ್ನಿಗೆ ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು) ಇದ್ದು, ಅದರ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುವ ಕಾರಾದರೆ ಅನುಮಾನವೇ ಬೇಡ.

ಹಸಿರು ದೀಪ ಹತ್ತಿದ ಮೇಲೂ ಚಾಲಕ ಕನಸು ಕಾಣುತ್ತ ಕುಳಿತಿದ್ದರೆ ಎದುರಾಳಿ ಗೆಲ್ಲಬಹುದು, ಆದರೆ ಚೀಟಿಯ ಒಟ್ಟು ಸಮಯ ಕೆಡುವುದಿಲ್ಲ. ಮುಂದಿನ ಚಕ್ರ ಹೊರಡುವ ಗೆರೆಯಲ್ಲಿರುವ ಬೆಳಕಿನ ಕಿರಣವನ್ನು ಬಿಟ್ಟು ಸರಿದ ಮೇಲಷ್ಟೇ ಗಡಿಯಾರ ಓಡತೊಡಗುತ್ತದೆ. ಹಾಗಾಗಿ ಸಮಯ ಕೆಟ್ಟದ್ದಕ್ಕೆ ಚಾಲಕನ ನಿಧಾನ ಪ್ರತಿಕ್ರಿಯೆಯನ್ನು ದೂರುವಂತಿಲ್ಲ.

ಚೀಟಿಯನ್ನು ಓದಲು ಒಂದು ಸರಳ ಲೆಕ್ಕವಿದೆ. ಕಾರು ಒಂದೇ ಬಲದಿಂದ, ಒಂದೇ ವೇಗೋತ್ಕರ್ಷದಲ್ಲಿ ಕೊನೆಯವರೆಗೂ ಓಡಿದರೆ ಅದರ ಅಂತಿಮ ವೇಗ ಸರಾಸರಿ ವೇಗದ ಎರಡು ಪಟ್ಟು ಇರುತ್ತದೆ. ಇದು ಪಿಯುಸಿ ಪಾಠ. ಅದರ ಬದಲು ಕಾರು ಎಂಜಿನ್ನಿನ ಪೂರ್ಣ ಶಕ್ತಿಯನ್ನು ಮೊದಲ ಕ್ಷಣದಿಂದಲೇ ರಸ್ತೆಗೆ ಇಳಿಸಬಲ್ಲುದಾದರೆ, ಅಂತಿಮ ವೇಗ ಸರಾಸರಿಯ ಒಂದೂವರೆ ಪಟ್ಟು ಮಾತ್ರ. ನಿಜವಾದ ಕಾರುಗಳು ಸಾಮಾನ್ಯವಾಗಿ ಈ ಎರಡರ ನಡುವೆ ಬರುತ್ತವೆ. ಒಂದೂವರೆಯ ಹತ್ತಿರವಿದ್ದರೆ ಕಾರಿನ ಮಿತಿ ಎಂಜಿನ್. ಎರಡರ ಕಡೆಗೆ ವಾಲಿದಷ್ಟೂ ಮಿತಿ ಟೈರಿನದು. (ಈ ಬಗೆಯ ಲೆಕ್ಕ ಹುಡುಗಾಟಿಕೆಯಲ್ಲ. ಡ್ರ್ಯಾಗ್ ರೇಸಿನ ಭೌತಶಾಸ್ತ್ರವನ್ನು ಕುರಿತ ಲೇಖನವೊಂದು 1973ರಲ್ಲೇ ‘ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್’ ಪತ್ರಿಕೆಯಲ್ಲಿ ಬಂದಿತ್ತು.)

ಉದಾಹರಣೆಗೆ ಚೀಟಿಯಲ್ಲಿ 14.2 ಸೆಕೆಂಡು, ಗಂಟೆಗೆ 164 ಕಿಲೊಮೀಟರ್ ಎಂದಿದೆ ಎನ್ನೋಣ. ಸರಾಸರಿ ವೇಗ 102 ಕಿಲೊಮೀಟರ್, ಅನುಪಾತ 1.6, ಒಂದೂವರೆಯನ್ನು ದಾಟಿ ಎರಡರ ಕಡೆಗೆ ಸ್ವಲ್ಪ ವಾಲಿದೆ. ಎಂಜಿನ್ ತನ್ನ ಕೆಲಸ ಮಾಡಿದೆ, ಕಾರು ಹೊರಡುವಾಗ ಎಡವಿದೆ ಎಂದು ಅರ್ಥ. 2003ರಿಂದ 2005ರವರೆಗೆ ಮಾರಾಟವಾದ ಡಾಡ್ಜ್ ನಿಯಾನ್ ಎಸ್‌ಆರ್‌ಟಿ-4 ಎಂಬ ಅಮೆರಿಕನ್ ಕಾರು ಶೋರೂಮಿನಿಂದ ಬಂದ ಸ್ಥಿತಿಯಲ್ಲಿ ಕೊಡುತ್ತಿದ್ದದ್ದು ಹೆಚ್ಚುಕಡಿಮೆ ಇಂಥದೇ ಚೀಟಿ. 2.4 ಲೀಟರಿನ ಟರ್ಬೊ ಎಂಜಿನ್, 2004ರ ಮಾದರಿಯಲ್ಲಿ 230 ಅಶ್ವಶಕ್ತಿ, ನೋಡಲು ಮಾತ್ರ ತರಕಾರಿ ತರಲು ಹೊರಟಂಥ ಸಾಧಾರಣ ಸೆಡಾನ್. ಕಡಿಮೆ ದುಡ್ಡಿಗೆ ದೊಡ್ಡ ಎಂಜಿನ್ ಸಿಕ್ಕಿತೆಂದು ಹುಡುಗರು ಮುಗಿಬಿದ್ದು ಕೊಂಡರು. ಕೊಂಡ ಮೇಲೆ ಹಲವರು ಮಾಡಿದ ಮೊದಲ ಕೆಲಸ ಟರ್ಬೊ ಒತ್ತಡವನ್ನು, ಅವರ ಮಾತಿನಲ್ಲಿ ‘ಬೂಸ್ಟ್’ ಅನ್ನು, ಏರಿಸಿದ್ದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಹೊಟ್ಟೆಗೆ ಹಿಟ್ಟು, ಅಂದರೆ ಟೈರಿಗೆ ಹಿಡಿತ, ಏಕಿಲ್ಲ ಎಂಬುದನ್ನು ಎತ್ತಿನ ಗಾಡಿ ಕಂಡವರು ಬೇಗ ಹಿಡಿಯುತ್ತಾರೆ. ಹೇರು ಹಿಂದಕ್ಕೆ ಜರುಗಿದರೆ ಮೂಕಿ ಮೇಲೇಳುತ್ತದೆ, ಎತ್ತುಗಳ ಹೆಗಲ ಮೇಲಿನ ಭಾರ ಹಗುರಾಗುತ್ತದೆ. ಕಾರು ಮುಂದಕ್ಕೆ ನುಗ್ಗಿದಾಗ ಆಗುವುದೂ ಅದೇ. ತಳ್ಳುವ ಬಲ ನೆಲದ ಮಟ್ಟದಲ್ಲಿದೆ, ಕಾರಿನ ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರಿಗೂ ಮೇಲಿದೆ. ಹೀಗಾಗಿ ಮೂತಿ ಹಗುರಾಗಿ ಭಾರ ಹಿಂಗಾಲಿಗೆ ಬೀಳುತ್ತದೆ. ಹಿಂಚಕ್ರ ಚಾಲನೆಯ ಕಾರಿಗೆ ಇದು ವರ, ಏಕೆಂದರೆ ನೂಕುವ ಚಕ್ರದ ಮೇಲೆಯೇ ಭಾರ ಹೆಚ್ಚುತ್ತದೆ. ಮುಂಚಕ್ರ ಚಾಲನೆಯ ಕಾರು ಎಷ್ಟು ಜೋರಾಗಿ ಎಳೆಯುತ್ತದೋ ಅಷ್ಟೂ ತನ್ನ ಕಾಲ ಕೆಳಗಿನ ಹಿಡಿತವನ್ನು ತಾನೇ ಕಳೆದುಕೊಳ್ಳುತ್ತದೆ.

ಇದನ್ನು ಅಂಕಿಗಳಲ್ಲಿ ಕಾಣಲು ಒಂದು ಕಾರನ್ನು ಊಹಿಸಿಕೊಳ್ಳೋಣ. ತೂಕ 1,300 ಕಿಲೊ, ಅದರಲ್ಲಿ ಶೇಕಡ 62 ಮುಂದೆ, ಮುಂದಿನ ಹಿಂದಿನ ಚಕ್ರಗಳ ನಡುವೆ 2.6 ಮೀಟರ್, ಗುರುತ್ವ ಕೇಂದ್ರದ ಎತ್ತರ 55 ಸೆಂಟಿಮೀಟರ್. ನಿಂತಾಗ ಮುಂದಿನ ಚಕ್ರಗಳ ಮೇಲೆ 806 ಕಿಲೊ ಇದೆ. ಮಾಮೂಲಿ ಟೈರಿನ ಘರ್ಷಣಾಂಕ 1 ಎಂದಿಟ್ಟುಕೊಂಡರೆ ಈ ಕಾರು ಮುಟ್ಟಬಲ್ಲ ಗರಿಷ್ಠ ವೇಗೋತ್ಕರ್ಷ ಗುರುತ್ವದ ಅರ್ಧದಷ್ಟು, 0.51. ಆ ಹೊತ್ತಿಗೆ 140 ಕಿಲೊ ಹಿಂದಕ್ಕೆ ಹೋಗಿರುತ್ತದೆ. ಈಗ ಘರ್ಷಣಾಂಕ 2 ಇರುವ, ಡ್ರ್ಯಾಗ್ ಸ್ಟ್ರಿಪ್‌ಗೆಂದೇ ಮಾಡಿದ ಅಂಟಂಟು ಟೈರು ಹಾಕಿ. ಹಿಡಿತ ದುಪ್ಪಟ್ಟಾಯಿತು, ವೇಗೋತ್ಕರ್ಷ ದುಪ್ಪಟ್ಟಾಗಲಿಲ್ಲ, ಅದು 0.87ಕ್ಕೆ ನಿಂತಿತು. ಇದೇ ತೂಕದ, ಶೇಕಡ 47 ಭಾರ ಹಿಂದಿರುವ ಹಿಂಚಕ್ರ ಚಾಲನೆಯ ಕಾರು ಅದೇ ಟೈರು ಬದಲಾವಣೆಯಿಂದ 0.6ರಿಂದ 1.6ಕ್ಕೆ ಜಿಗಿಯುತ್ತದೆ. ನ್ಯಾಯವಲ್ಲ, ಆದರೆ ಭೌತಶಾಸ್ತ್ರಕ್ಕೆ ಅರ್ಜಿ ಹಾಕುವ ಕಚೇರಿ ಎಲ್ಲೂ ಇಲ್ಲ.

ಹೀಗಿದ್ದರೂ ಟೈರಿಗೆ ಹಾಕಿದ ದುಡ್ಡು ದಂಡವೇ? ಅದೇ ಕಾರನ್ನು ಕಾಗದದ ಮೇಲೆ ಕಾಲು ಮೈಲಿ ಓಡಿಸಿ ನೋಡಿದೆ. ಗಾಳಿಯ ತಡೆ, ಗೇರು ಬದಲಿಸುವ ಹೊತ್ತು ಎರಡನ್ನೂ ಬಿಟ್ಟೆ. ಚಕ್ರ ತಲುಪುವ ಶಕ್ತಿ 130 ಕಿಲೊವಾಟ್, ಅಂದರೆ 175 ಅಶ್ವಶಕ್ತಿ ಎಂದಿಟ್ಟುಕೊಂಡೆ. ಮಾಮೂಲಿ ಟೈರಿನಲ್ಲಿ 13.9 ಸೆಕೆಂಡು ಬಂತು. ಟೈರು ಹಾಗೇ ಇಟ್ಟು ಶಕ್ತಿಯನ್ನು ಶೇಕಡ 20 ಏರಿಸಿದರೆ 13.5. ಶಕ್ತಿಯನ್ನು ಮುಟ್ಟದೆ ಅಂಟು ಟೈರು ಹಾಕಿದರೆ 12.8. ಶಕ್ತಿ ಏರಿಸಿ ಗಳಿಸಿದ್ದಕ್ಕಿಂತ ಸುಮಾರು ಮೂರು ಪಟ್ಟು ಸಮಯ ಟೈರಿನಿಂದ ಉಳಿಯಿತು. ಟೈರು ಬದಲಿಸಿದ್ದರಿಂದ ಗೆರೆ ದಾಟುವ ವೇಗ ಏರಿದ್ದು ಗಂಟೆಗೆ ಎರಡೇ ಕಿಲೊಮೀಟರಿನಷ್ಟು. ವೇಗ ಅಲ್ಲೇ ನಿಂತು ಸಮಯ ಮಾತ್ರ ಕುಸಿದರೆ, ದೋಷ ಮೊದಲ 60 ಅಡಿಯಲ್ಲಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ 60 ಅಡಿಯಲ್ಲಿ ಉಳಿಸಿದ ಸೆಕೆಂಡಿನ ಹತ್ತನೇ ಒಂದು ಭಾಗ ಕೊನೆಯ ಗೆರೆಯಲ್ಲಿ ಒಂದೂವರೆಯಿಂದ ಎರಡು ಪಟ್ಟಾಗಿ ಕೈಸೇರುತ್ತದೆ ಎಂಬುದು ಓಟಗಾರರ ಬಾಯಿಲೆಕ್ಕ.

ಇನ್ನು ಟರ್ಬೊ ತರುವ ತಾಪತ್ರಯ. ಎಸ್‌ಆರ್‌ಟಿ-4ರ ಎಂಜಿನ್ನಿನ ತಿರುಚುಬಲ ಸುಮಾರು 340 ನ್ಯೂಟನ್ ಮೀಟರ್. ಮೊದಲ ಗೇರು ಮತ್ತು ಅಂತಿಮ ಗೇರು ಸೇರಿ ಅದನ್ನು ಹತ್ತು ಪಟ್ಟು ಮಾಡುತ್ತವೆ ಎಂದುಕೊಂಡರೂ ಟೈರಿನ ಅಂಚಿನಲ್ಲಿ 11,000 ನ್ಯೂಟನ್ ಬಲ ಬಂದು ಕೂರುತ್ತದೆ. ನಮ್ಮ ಲೆಕ್ಕದ ಮುಂಚಕ್ರಗಳು ತಾಳಿಕೊಳ್ಳುವುದು 6,500. ಮೊದಲ ಗೇರಿನಲ್ಲಿ ಎಂಜಿನ್ ಆಗಲೇ ಅಗತ್ಯಕ್ಕಿಂತ ಬಲಶಾಲಿಯಾಗಿದೆ; ಬೂಸ್ಟ್ ಏರಿಸಿದರೆ ಟೈರಿನ ಹೊಗೆ ಹೆಚ್ಚುತ್ತದೆ, ಅಷ್ಟೇ. ಸಾಲದ್ದಕ್ಕೆ ಟರ್ಬೊ ಬಲ ಒಂದೇ ಸಮನಾಗಿ ಬರುವುದಿಲ್ಲ. ನಿಷ್ಕಾಸದ ಅನಿಲ ಸಾಕಷ್ಟು ಒಟ್ಟಾಗುವವರೆಗೆ ಕಾರು ಮಂಕಾಗಿರುತ್ತದೆ, ಆಮೇಲೆ ಒಮ್ಮೆಗೇ ಒದೆಯುತ್ತದೆ. ರಬ್ಬರು ಅತ್ಯುತ್ತಮ ಹಿಡಿತ ಕೊಡುವುದು ಚಕ್ರ ಸ್ವಲ್ಪವೇ ಜಾರುವಾಗ, ಕಾರಿನ ವೇಗಕ್ಕಿಂತ ಸುಮಾರು ಶೇಕಡ 10ರಿಂದ 15ರಷ್ಟು ಹೆಚ್ಚು ತಿರುಗುವಾಗ. ಆ ಮಟ್ಟ ದಾಟಿದರೆ ಹಿಡಿತ ಇಳಿಯುತ್ತದೆ. ಹಿಡಿತ ಇಳಿದರೆ ಚಕ್ರ ಇನ್ನೂ ಬೇಗ ತಿರುಗುತ್ತದೆ. ಆಗ ಟರ್ಬೊ ಇನ್ನಷ್ಟು ಒತ್ತಡ ತುಂಬುತ್ತದೆ. ಒದೆತ ಬರುವ ಗಳಿಗೆಗೂ ಹಿಡಿತ ಮುರಿಯುವ ಗಳಿಗೆಗೂ ನಂಟಿದೆ ಎಂದು ಗೊತ್ತಿದ್ದ ಚಾಲಕ ಪೆಡಲನ್ನು ಅರ್ಧಕ್ಕೆ ಹಿಡಿದು, ಕ್ಲಚ್ಚನ್ನು ನಿಧಾನವಾಗಿ ಬಿಟ್ಟು, ಎರಡನೇ ಗೇರಿಗೆ ಹೋದ ಮೇಲೆ ಪೂರ್ತಿ ತುಳಿಯುತ್ತಾನೆ. ಇದನ್ನೇ ಯಂತ್ರಕ್ಕೆ ಕಲಿಸಿದ್ದು ಗೇರಿಗೊಂದು ಬೂಸ್ಟ್ ಕೊಡುವ ನಿಯಂತ್ರಕ: ಮೊದಲ ಗೇರಿನಲ್ಲಿ ಕಡಿಮೆ ಒತ್ತಡ, ಎರಡನೆಯದರಲ್ಲಿ ಸ್ವಲ್ಪ ಹೆಚ್ಚು, ಮೂರರಿಂದ ಪೂರ್ತಿ. ಕಾರನ್ನು ದುರ್ಬಲಗೊಳಿಸಿ ವೇಗ ಹೆಚ್ಚಿಸುವ ಈ ಉಪಾಯ ನನಗಂತೂ ಇಡೀ ಆಟದಲ್ಲೇ ಅತ್ಯಂತ ಸೊಗಸಾದದ್ದು.

ಎರಡು ಮುಂಚಕ್ರಗಳಲ್ಲಿ ಒಂದೇ ಜಾರಿದರೂ ಕಥೆ ಮುಗಿಯಿತು. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆ ಸಮ ಬಲ ಹಂಚುತ್ತದೆ. ಹಾಗಾಗಿ ಜಾರುವ ಚಕ್ರ ಹೊರಬಲ್ಲಷ್ಟೇ ಬಲ ಗಟ್ಟಿ ನಿಂತ ಚಕ್ರಕ್ಕೂ ಸಿಗುತ್ತದೆ. ಜಾರುವಿಕೆಗೆ ಮಿತಿ ಹಾಕುವ ಡಿಫರೆನ್ಷಿಯಲ್ ಇದಕ್ಕೆ ಮದ್ದು, ಎಸ್‌ಆರ್‌ಟಿ-4ಕ್ಕೆ 2004ರ ಮಾದರಿಯಿಂದ ಕಾರ್ಖಾನೆಯೇ ಅದನ್ನು ಜೋಡಿಸಿ ಕೊಟ್ಟಿತು.

ಸ್ಪ್ರಿಂಗುಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಹಿಂದಿನ ಸ್ಪ್ರಿಂಗನ್ನು ಗಡುಸಾಗಿಸಿದರೆ ಭಾರ ಹಿಂದಕ್ಕೆ ಹೋಗುವುದಿಲ್ಲ ಎಂದು ಬಹಳ ಜನ ನಂಬುತ್ತಾರೆ. ಹೋಗುತ್ತದೆ. ಎಷ್ಟು ಹೋಗಬೇಕೆಂದು ತೀರ್ಮಾನಿಸುವುದು ವೇಗೋತ್ಕರ್ಷ, ಗುರುತ್ವ ಕೇಂದ್ರದ ಎತ್ತರ ಮತ್ತು ಚಕ್ರಗಳ ನಡುವಿನ ಅಂತರ. ಸ್ಪ್ರಿಂಗಿಗೆ ಆ ಸೂತ್ರದಲ್ಲಿ ಜಾಗವೇ ಇಲ್ಲ. ಕಾರಿನ ಬೆನ್ನು ಕುಸಿಯುವುದು ಭಾರ ಸರಿದದ್ದರ ಗುರುತು, ಕಾರಣವಲ್ಲ. ಗಡುಸು ಸ್ಪ್ರಿಂಗಿನಿಂದ ಮೂತಿ ಏಳುವುದು ತಪ್ಪಿ ಗುರುತ್ವ ಕೇಂದ್ರ ಒಂದಿಷ್ಟು ಕೆಳಗುಳಿಯುತ್ತದೆ, ತೂಗಾಟ ಬೇಗ ನಿಲ್ಲುತ್ತದೆ. ಲಾಭ ಇದೆ, ನಂಬಿದಷ್ಟಿಲ್ಲ. ಸೂತ್ರವನ್ನು ನಿಜಕ್ಕೂ ಅರ್ಥ ಮಾಡಿಕೊಂಡವರು ಮಾಡಿದ ಕೆಲಸ ಬೇರೆ. ಮುಂಚಕ್ರ ಚಾಲನೆಯ ಶುದ್ಧ ಡ್ರ್ಯಾಗ್ ಕಾರುಗಳನ್ನು ನೋಡಿದರೆ ಹಿಂದುಗಡೆ ಉದ್ದನೆಯ ಎರಡು ಕಂಬಿಗಳು ಚಾಚಿಕೊಂಡು, ತುದಿಯಲ್ಲಿ ಪುಟ್ಟ ಗಾಲಿಗಳಿರುತ್ತವೆ. ಮೂತಿ ಎಂದೂ ಏಳದ ಕಾರಿಗೆ ಇದೇಕೆ ಎಂದು ಹೊಸಬರು ನಗುತ್ತಾರೆ. ಬೆನ್ನು ಕುಸಿಯುತ್ತಲೇ ಆ ಗಾಲಿಗಳು ನೆಲಕ್ಕೊರಗುತ್ತವೆ. ಹಿಂದಿನ ಆಸರೆ ಒಂದೂವರೆ ಮೀಟರಿನಷ್ಟು ಹಿಂದಕ್ಕೆ ಹೋದಂತಾಗಿ, ಲೆಕ್ಕದಲ್ಲಿ ಕಾರು ಉದ್ದವಾಗುತ್ತದೆ. ಉದ್ದ ಕಾರಿನಲ್ಲಿ ಭಾರ ಕಡಿಮೆ ಸರಿಯುತ್ತದೆ.

ಉಳಿದದ್ದು ಗಾಳಿ. ಕೊಲರಾಡೊದ ಡೆನ್ವರ್ ಬಳಿ ಸುಮಾರು 1,770 ಮೀಟರ್ ಎತ್ತರದಲ್ಲಿ ಬ್ಯಾಂಡಿಮೀರ್ ಎಂಬ ಡ್ರ್ಯಾಗ್ ಸ್ಟ್ರಿಪ್ ಇತ್ತು, 2023ರಲ್ಲಿ ಮುಚ್ಚಿತು. ಅಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಶೇಕಡ 80ರ ಆಸುಪಾಸು. ಟರ್ಬೊ ಇಲ್ಲದ ಎಂಜಿನ್ನುಗಳು ಅಲ್ಲಿ ಏದುಸಿರು ಬಿಡುತ್ತಿದ್ದವು; ಟರ್ಬೊ ಇದ್ದವು ಇನ್ನಷ್ಟು ಜೋರಾಗಿ ತಿರುಗಿ ಕೊರತೆಯ ಬಹುಪಾಲನ್ನು ತುಂಬಿಕೊಳ್ಳುತ್ತಿದ್ದವು. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಓಡುವ ನಮ್ಮ ಸಣ್ಣ ಟರ್ಬೊ ಕಾರುಗಳಿಗೂ ಇದೇ ಅನುಕೂಲ ಸಣ್ಣ ಪ್ರಮಾಣದಲ್ಲಿ ಸಿಗುತ್ತದೆ. ಅವುಗಳಲ್ಲಿ ಹೆಚ್ಚಿನವು ಮುಂಚಕ್ರ ಚಾಲನೆಯವೇ. ಅಂದಮಾತ್ರಕ್ಕೆ ರಿಂಗ್ ರಸ್ತೆಯಲ್ಲಿ ಪರೀಕ್ಷಿಸಲು ಹೊರಡಬೇಡಿ. ಡ್ರ್ಯಾಗ್ ಸ್ಟ್ರಿಪ್‌ನ ನೆಲಕ್ಕೆ ಅಂಟು ಬಳಿದಿರುತ್ತಾರೆ, ಅಡ್ಡ ಬರುವ ಸ್ಕೂಟರ್ ಅಲ್ಲಿರುವುದಿಲ್ಲ.

ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಗೊತ್ತು. 35 ಡಿಗ್ರಿ ಬಿಸಿಯ ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡಿದರೆ ಸಾಧಾರಣ ದಕ್ಷತೆಯ ಟರ್ಬೊದಿಂದ ಹೊರಬರುವಾಗ ಅದು 130 ಡಿಗ್ರಿ ಮುಟ್ಟಿರುತ್ತದೆ. ಅದನ್ನು ತಣಿಸುವ ಇಂಟರ್‌ಕೂಲರ್ ಓಡುವಾಗ ಸರಿಯಾಗಿಯೇ ಕೆಲಸ ಮಾಡುತ್ತದೆ, ಸಾಲಿನಲ್ಲಿ ನಿಂತಾಗ ಎಂಜಿನ್ನಿನ ಕಾವನ್ನೆಲ್ಲ ಹೀರಿ ತಾನೇ ಕಾದ ಕಾವಲಿಯಾಗುತ್ತದೆ. ಅದಕ್ಕೇ ಬೇಸಿಗೆಯ ಮಧ್ಯಾಹ್ನಗಳಲ್ಲಿ ಕೆಲವರು ಐಸು ತುಂಬಿದ ಚೀಲವನ್ನು ಇಂಟರ್‌ಕೂಲರ್‌ಗೆ ಒತ್ತಿ ನಿಂತಿರುತ್ತಾರೆ. ಸಾಲು ಒಂದೊಂದು ಕಾರಿನಷ್ಟು ಮುಂದೆ ಸರಿದಾಗಲೂ ಎಂಜಿನ್ ಚಾಲೂ ಮಾಡುವುದಿಲ್ಲ. ಬಾನೆಟ್ ತೆರೆದೇ ಇರುತ್ತದೆ, ಒಬ್ಬ ಕಿಟಕಿಯೊಳಗೆ ಕೈ ಹಾಕಿ ಸ್ಟೇರಿಂಗ್ ಹಿಡಿಯುತ್ತಾನೆ, ಇನ್ನಿಬ್ಬರು ಗೆಳೆಯರು ಹಿಂದಿನಿಂದ ಕಾರನ್ನು ತಳ್ಳುತ್ತಾರೆ.