ಮಿಕ್ಸ್ಚರ್, ಮಿಶ್ರ, ಬೆರಕೆ

ದಾವಣಗೆರೆಯ ಮಂಡಕ್ಕಿ ಅಂಗಡಿಗಳಲ್ಲಿ ಸಂಜೆಯಾದರೆ ಬೋಗುಣಿಗೆ ಬಿಡುವಿರುವುದಿಲ್ಲ. ಮಂಡಕ್ಕಿಯ ಮೇಲೆ ಹೆಚ್ಚಿದ ಈರುಳ್ಳಿ, ಖಾರ, ಪುಟಾಣಿ ಪುಡಿ, ಒಂದು ಹಿಡಿ ಮಿಕ್ಸ್ಚರ್ ಬೀಳುತ್ತವೆ. ಅಂಗಡಿಯವರು ಎರಡು ಸಲ ಕೈಯಾಡಿಸಿ ಕಲಸಿ ಕೊಡುತ್ತಾರೆ. ಇದನ್ನೇ ಪುಸ್ತಕದ ಭಾಷೆಯಲ್ಲಿ ಹೇಳಬೇಕಾದರೆ ‘ಮಿಶ್ರಣ’ ಎನ್ನುತ್ತೇವೆ.

ಮಿಕ್ಸ್ಚರ್ ಇಂಗ್ಲಿಷಿನದು, ಮಿಶ್ರ ಸಂಸ್ಕೃತದ್ದು. ಆದರೂ ಇವೆರಡೂ ಒಂದೇ ಬೇರಿನ ಕುಡಿಗಳು. ಕಿವಿಗೆ ಹತ್ತಿರ ಕೇಳಿಸುತ್ತವೆ ಎಂಬುದು ಇದಕ್ಕೆ ಸಾಕ್ಷಿಯಲ್ಲ, ಕಾಕತಾಳೀಯಗಳು ಎಲ್ಲ ಭಾಷೆಗಳಲ್ಲೂ ಸಿಗುತ್ತವೆ. ಭಾಷಾವಿಜ್ಞಾನ ಹುಡುಕುವುದು ಮತ್ತೆ ಮತ್ತೆ ಕಾಣುವ ಧ್ವನಿನಿಯಮವನ್ನು. ಸಂಸ್ಕೃತದ ಎಷ್ಟೋ ಪದಗಳಲ್ಲಿ ‘ಶ’ ಇರುವ ಜಾಗದಲ್ಲಿ ಗ್ರೀಕ್, ಲ್ಯಾಟಿನ್‌ಗಳಲ್ಲಿ ‘ಕ’ ಇದೆ. ನಮ್ಮ ‘ದಶ’ ಗ್ರೀಕಿನಲ್ಲಿ ಡೆಕಾ, ‘ಶತ’ ಲ್ಯಾಟಿನ್ನಿನಲ್ಲಿ ಕೆಂಟುಮ್. ಅದೇ ಲೆಕ್ಕದಲ್ಲಿ ‘ಮಿಶ್ರ’ಕ್ಕೆ ಗ್ರೀಕಿನ ಮಿಕ್ಟೋಸ್, ಲ್ಯಾಟಿನ್ನಿನ ಮಿಸ್ಕೆರೆ ಜೊತೆಯಾಗುತ್ತವೆ. ಮಿಸ್ಕೆರೆಯಿಂದ ಬಂದದ್ದೇ ಮಿಕ್ಸ್ಚರ್. ಈ ಭಾಷೆಗಳಿಗೆ ಒಂದೇ ಮೂಲವಿರಬೇಕೆಂದು ಸಂಸ್ಕೃತ ಕಲಿತ ಇಂಗ್ಲಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ 1786ರಲ್ಲಿ ಹೇಳಿದ್ದು ಪ್ರಸಿದ್ಧ.

ಕಲಸು, ಬೆರೆಸು ಎಂಬವು ಆ ಮನೆತನದವಲ್ಲ. ಇವು ಅಪ್ಪಟ ದ್ರಾವಿಡ. ‘ಕಲಸು’ವಿನ ಬಂಧುಗಳು ತಮಿಳಿನ ಕಲ, ತೆಲುಗಿನ ಕಲುಪು. ತೆಲುಗಿನವರು ‘ಒಟ್ಟಿಗೆ’ ಎನ್ನುವುದಕ್ಕೆ ‘ಕಲಿಸಿ’ ಎನ್ನುವುದೂ ಇದೇ ಬೇರಿನಿಂದ. ‘ಬೆರೆ’ಗೆ ತಮಿಳಿನಲ್ಲಿ ‘ವಿರವು’ ಇದೆ. ‘ವಿ’ ಹೇಗೆ ‘ಬೆ’ ಆಯಿತು ಎಂದು ಕೇಳುವವರು ತಮ್ಮ ಕೈಯನ್ನೇ ನೋಡಿಕೊಳ್ಳಬಹುದು: ತಮಿಳಿನ ‘ವಿರಲ್’ ಕನ್ನಡದಲ್ಲಿ ‘ಬೆರಳು’.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ‘ಕಲಬೆರಕೆ’. ಕಲೆ, ಬೆರೆ ಎರಡಕ್ಕೂ ಅರ್ಥ ಒಂದೇ. ಎರಡನ್ನೂ ಜೋಡಿಸಿದೊಡನೆ ಮೋಸದ ವಾಸನೆ ಬಂದುಬಿಡುತ್ತದೆ. ಹಾಲಿಗೆ ನೀರು ಬೆರೆಸಿದರೆ ಕಲಬೆರಕೆ, ಅದನ್ನು ತಡೆಯಲು 1954ರಷ್ಟು ಹಿಂದೆಯೇ ದೇಶಕ್ಕೆ ಕಾಯ್ದೆ ಬೇಕಾಯಿತು. ಒಂಟಿ ‘ಬೆರಕೆ’ಗೆ ಆ ಕಳಂಕ ಪೂರ್ತಿ ತಟ್ಟಿಲ್ಲ. ಚಿತ್ರದುರ್ಗದ ಕಡೆ ಮಳೆ ಬಿದ್ದ ಹೊಲದ ಬದುವಿನಲ್ಲಿ ಹೆಂಗಸರು ಅಣ್ಣೆ, ಗೋಣಿ, ಹೊನಗೊನ್ನೆಗಳ ಕುಡಿ ಚಿವುಟಿ ಮಡಿಲು ತುಂಬಿಕೊಳ್ಳುತ್ತಾರೆ. ಅದು ಬೆರಕೆ ಸೊಪ್ಪು. ಯಾವುದು ಹುಳಿ, ಯಾವುದು ಒಗರು, ಯಾವುದನ್ನು ಮುಟ್ಟಬಾರದು ಎಂದು ಅವರಿಗೆ ಗೊತ್ತು. ಅಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಸಸ್ಯಶಾಸ್ತ್ರದ ಇಷ್ಟೊಂದು ತಿಳಿವಳಿಕೆ ಸಾರಿನ ಹೆಸರಿನಲ್ಲಿ ಉಳಿದು ಬಂದಿರುವುದು ನಮ್ಮ ಭಾಗ್ಯ.

‘ಸಂಕರ’ದ ದಾರಿ ಇನ್ನೊಂದು. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ವರ್ಣಸಂಕರಕ್ಕೆ ಹೆದರುತ್ತಾನೆ. ದಾವಣಗೆರೆಯ ಮೆಕ್ಕೆಜೋಳದ ರೈತರಿಗೆ ಇಂದು ‘ಸಂಕರಣ ತಳಿ’ ಹೆಚ್ಚು ಇಳುವರಿಯ ಮಾತು. ಹೈಬ್ರಿಡ್ ಪದದ ಮೂಲವೂ ಅಷ್ಟೇನೂ ಗೌರವದ್ದಲ್ಲ, ಲ್ಯಾಟಿನ್ನಿನಲ್ಲಿ ಅದು ಸಾಕುಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿ.

ಹಿರಿಯೂರು ತಾಲ್ಲೂಕಿನ ಐಮಂಗಲದ ಬಳಿ ಕಲ್ಲೇ ಬೆರಕೆಯಾಗಿದೆ. ಇದು 250 ಕೋಟಿ ವರ್ಷಗಳಿಗೂ ಹಳೆಯ ಕಾಂಗ್ಲಾಮರೇಟ್ ಶಿಲೆ, ಎಂದರೆ ಉಂಡೆಗಲ್ಲುಗಳು ಗಟ್ಟಿಯಾಗಿ ಅಂಟಿಕೊಂಡು ಆದ ಬಂಡೆ. ಆ ಪದದ ಒಳಗಿರುವ ಲ್ಯಾಟಿನ್ ‘ಗ್ಲೋಮುಸ್’ ಎಂದರೆ ದಾರದ ಉಂಡೆ. ಭೂವಿಜ್ಞಾನಿಗಳು ಐಮಂಗಲದ ಶಿಲೆಯನ್ನು ‘ಪಾಲಿಮಿಕ್ಟ್’ ಎಂದು ವರ್ಗೀಕರಿಸಿದ್ದಾರೆ. ಪಾಲಿ ಎಂದರೆ ಹಲವು, ಮಿಕ್ಟ್ ಎಂಬುದು ಆಗಲೇ ಹೇಳಿದ ಮಿಕ್ಟೋಸ್, ನಮ್ಮ ಮಿಶ್ರ. ಒಂದೇ ಬಗೆಯ ಉಂಡೆಗಲ್ಲುಗಳಿದ್ದಿದ್ದರೆ ಈ ಹೆಸರು ಸಲ್ಲುತ್ತಿರಲಿಲ್ಲ. ಇಲ್ಲಿ ಬಗೆಬಗೆಯ ಕಲ್ಲುಗಳು ಸೇರಿರುವುದರಿಂದ, ಈ ಪದರ ಶೇಖರವಾಗುವ ಹೊತ್ತಿಗೆ ಅದಕ್ಕಿಂತ ಹಳೆಯ ಹಲವು ಶಿಲೆಗಳು ಸುತ್ತಲಿನ ನೆಲದಲ್ಲಿ ಆಗಲೇ ಮೇಲೆದ್ದು ಸವೆಯುತ್ತಿದ್ದವು ಎಂದು ತಿಳಿಯುತ್ತದೆ.